ಉರುಳುವ ಗೋಲಿ, ಹಿಡಿದು ನಿಲ್ಲುವ ಮೋಟರು

ಒಳ್ಳೆಯ ಬಾಲ್ ಸ್ಕ್ರೂ ಒಂದನ್ನು ನೆಟ್ಟಗೆ ಎತ್ತಿ ಹಿಡಿದರೆ ಅದರ ನಟ್ಟು ತನ್ನ ಭಾರಕ್ಕೆ ತಾನೇ ತಿರುಗುತ್ತ ಕೆಳಗಿಳಿಯುತ್ತದೆ. ತುದಿಗೆ ಬೆರಳು ಅಡ್ಡ ಇಟ್ಟಿರಬೇಕು. ನಟ್ಟು ಕಳಚಿದರೆ ಒಳಗಿನ ಗೋಲಿಗಳೆಲ್ಲ ನೆಲದ ಪಾಲು. ಉಕ್ಕಿನ ಮೇಲೆ ಉಕ್ಕು ಇಷ್ಟು ಮೆತ್ತಗೆ ಜಾರುವುದನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ.

ಇದರ ಗುಟ್ಟು ಉರುಳುವಿಕೆ. ನಟ್ಟಿನೊಳಗೆ ಸಾಲುಗಟ್ಟಿದ ಗೋಲಿಗಳು ತಿರುಪಿನ ತೋಡಿನಲ್ಲಿ ಉರುಳುತ್ತ ಸಾಗಿ, ಕೊನೆ ಮುಟ್ಟಿದ ಕೂಡಲೇ ಒಂದು ಮರುದಾರಿಯಿಂದ ಮತ್ತೆ ಮೊದಲಿಗೆ ಬಂದು ಸೇರುತ್ತವೆ. ಹೀಗಾಗಿ ಮೋಟರು ಕೊಟ್ಟ ಶಕ್ತಿಯಲ್ಲಿ ಶೇಕಡ 90ರಷ್ಟು ಕೆಲಸಕ್ಕೆ ಒದಗುತ್ತದೆ. ಸಾದಾ ತಿರುಪಿನಲ್ಲಿ ಅರ್ಧಕ್ಕಿಂತ ಹೆಚ್ಚು ತಿಕ್ಕಾಟಕ್ಕೇ ಹೋಗುತ್ತದೆ. ನಮ್ಮೂರು ಕರಜಗಿಯ ಕಡೆ ಕಬ್ಬು ಹೇರುವ ಹಳೆಯ ಟ್ರ್ಯಾಕ್ಟರುಗಳಲ್ಲಿ ಹಲವಕ್ಕೆ ಸ್ಟೇರಿಂಗ್ ಪೆಟ್ಟಿಗೆಯೊಳಗೆ ಇದೇ ಏರ್ಪಾಡು ಇರುತ್ತದೆ. ಅದನ್ನು ಬಿಚ್ಚಿ ಕಟ್ಟಿದ ಮೇಸ್ತ್ರಿಗೆ ಬಾಲ್ ಸ್ಕ್ರೂ ವಿವರಿಸುವುದು ಬಹಳ ಸುಲಭ.

ನಾನು ಕಟ್ಟುತ್ತಿರುವುದು ಅಂಕೆಗಳ ಆಜ್ಞೆಗೆ ನಡೆದು ಮರ ಕೆತ್ತುವ ಯಂತ್ರ, ಸಿಎನ್‌ಸಿ. ತೇಗದ ಹಲಗೆಯ ಮೇಲೆ ಬಾಗಿಲಿನ ಬಳ್ಳಿ, ದೇವರ ಮಂಟಪದ ಕಮಾನು ಮೂಡಬೇಕು. ಅದಕ್ಕೆ ಯಾವ ಸ್ಕ್ರೂ? 1605 ಎಂದರೆ 16 ಮಿ.ಮೀ. ದಪ್ಪ, ಒಂದು ಸುತ್ತಿಗೆ 5 ಮಿ.ಮೀ. ನಡೆ. 1610ಕ್ಕೆ ದಪ್ಪ ಅಷ್ಟೇ, ನಡೆ 10 ಮಿ.ಮೀ. ಮೋಟರು 1 ನ್ಯೂಟನ್-ಮೀಟರ್ ಟಾರ್ಕ್ ಕೊಟ್ಟರೆ ಮೊದಲನೆಯದು ಸುಮಾರು 115 ಕಿಲೋ ಒತ್ತುತ್ತದೆ, ಎರಡನೆಯದು ಅದರ ಅರ್ಧ. ಆದರೆ ನಿಮಿಷಕ್ಕೆ 600 ಸುತ್ತಿನಲ್ಲಿ ಮೊದಲನೆಯದು 3 ಮೀಟರ್ ಓಡಿದರೆ ಎರಡನೆಯದು 6 ಮೀಟರ್ ಓಡುತ್ತದೆ. ತೇಗದಲ್ಲಿ ಕೆತ್ತುವ ಬಿಟ್ ನಿಧಾನವಾಗಿ ಸಾಗಿದರೆ ಕೊಯ್ಯದೆ ಉಜ್ಜುತ್ತದೆ, ಮರ ಕರಕಾಗುತ್ತದೆ. ಒಂದು ಸುತ್ತನ್ನು ಸ್ಟೆಪ್ಪರ್ ಮೋಟರಿನ 200 ಹೆಜ್ಜೆಗೆ ಭಾಗಿಸಿದರೆ 1610ರಲ್ಲಿ ಒಂದು ಹೆಜ್ಜೆ 0.05 ಮಿ.ಮೀ. ಮಳೆಗಾಲದ ತೇವಕ್ಕೆ ಹಲಗೆಯೇ ಅದಕ್ಕಿಂತ ಹೆಚ್ಚು ಉಬ್ಬುತ್ತದೆ. ಆದ್ದರಿಂದ ಉದ್ದಗಲಕ್ಕೆ 1610, ಮೇಲೆ ಕೆಳಗಿನ ಓಡಾಟಕ್ಕೆ 1605. ಹೀಗೆ ಒಂದೊಂದು ಅಂಕೆಯನ್ನೂ ಕೆಲಸಕ್ಕೆ ಹಚ್ಚಿ ನೋಡುವ ಸಂಜೆಗಳು ನನಗೆ ಬಲು ಇಷ್ಟ.

ಮೋಟರಿನ ಆಯ್ಕೆ ಇನ್ನೂ ಸೊಗಸು. ನೆಮಾ 23 ಎಂಬ ಅಂಕೆ ಹೇಳುವುದು ಮುಖದ ಅಳತೆಯನ್ನು, ಅಂದರೆ ಸುಮಾರು 2.3 ಇಂಚು, 57 ಮಿ.ಮೀ.; ಬಲವನ್ನಲ್ಲ. ಚೀಟಿಯಲ್ಲಿ ಬರೆದ ಟಾರ್ಕ್ ಕೂಡ ನಿಂತಾಗಿನದು. ವೇಗ ಏರಿದಂತೆ ಅದು ಇಳಿಯುತ್ತ ಹೋಗುತ್ತದೆ. ಸುರುಳಿಯೊಳಗೆ ಕರೆಂಟು ತುಂಬಿಕೊಳ್ಳಲು ಸಮಯ ಸಾಲದೇ ಇರುವುದು ಇದಕ್ಕೆ ಕಾರಣ. 24ರ ಬದಲು 48 ವೋಲ್ಟಿನ ಸಪ್ಲೈ ಕೊಟ್ಟರೆ ಅದು ಬೇಗ ತುಂಬಿ, ಓಟದಲ್ಲೂ ಬಲ ಉಳಿಯುತ್ತದೆ. ಸ್ಕ್ರೂವಿನ ದಪ್ಪಕ್ಕೂ ಬೆಲೆ ಉಂಟು. 16 ಬಿಟ್ಟು 25 ಮಿ.ಮೀ.ಗೆ ಹೋದರೆ ಅದೇ ಉದ್ದದ ಸ್ಕ್ರೂವನ್ನು ತಿರುಗಿಸುವ ಜಡತ್ವ ಸುಮಾರು ಆರು ಪಟ್ಟು. ತೆಳುವಾಗಿಯೇ ಉಳಿಸಿ ಉದ್ದ ಎರಡು ಪಟ್ಟು ಮಾಡಿದರೆ, ಹಗ್ಗ ಬೀಸಿದಂತೆ ಅದು ಓಲಾಡತೊಡಗುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ.

ಊರಿನ ಬಡಿಗ ಕಾಕಾ ಒಂದು ದಿನ ಸ್ಕ್ರೂವನ್ನು ಕೈಯಲ್ಲಿ ಹಿಡಿದು, ನಟ್ಟು ಇಳಿಯುವುದನ್ನು ನೋಡಿ ಕೇಳಿದರು: "ಕರೆಂಟ್ ಹೋದ್ರ ಮಷೀನಿನ ತಲಿನೂ ಹಿಂಗ ಇಳಿತದಲ್ಲೊ ತಮ್ಮಾ?" ಎಷ್ಟು ಸರಿಯಾದ ಪ್ರಶ್ನೆ! ಪಂಕ್ಚರ್ ಅಂಗಡಿಯ ಸ್ಕ್ರೂ ಜಾಕು ಲಾರಿಯನ್ನು ಎತ್ತಿ ಹಿಡಿದಿರುವುದು ತಿಕ್ಕಾಟದ ಬಲದಿಂದಲೇ. ಆ ತಿಕ್ಕಾಟವನ್ನು ತೆಗೆದ ಮೇಲೆ ಹಿಡಿತವನ್ನು ಬೇರೆ ಕಡೆಯಿಂದ ತರಬೇಕು. ಅದಕ್ಕೇ ಬಿಟ್ ತಿರುಗಿಸುವ ಸ್ಪಿಂಡಲ್ ಹೊತ್ತ, ಮೇಲೆ ಕೆಳಗೆ ಓಡಾಡುವ ಅಕ್ಷಕ್ಕೆ ಬ್ರೇಕ್ ಇರುವ ಮೋಟರನ್ನು ಆರಿಸಿದೆ. ಕರೆಂಟ್ ಹೋದ ಗಳಿಗೆಯಲ್ಲೇ ಅದು ಬಿಗಿಯುತ್ತದೆ. ಎರೆ ನೆಲದ ಧೂಳು ಮತ್ತು ಮರದ ಪುಡಿ ಒಳ ಹೋಗದಂತೆ ನಟ್ಟಿನ ಎರಡೂ ಬದಿಗೆ ವೈಪರ್, ಮೇಲೆ ಮಡಿಕೆಯ ಹೊದಿಕೆ ಬೇಕು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಮೋಟರಿಗೆ ಕರೆಂಟು ಕೊಡುವ ಡ್ರೈವರಿಗೆ ಫ್ಯಾನೂ ಬೇಕು.

ಇಂಥ ಯಂತ್ರ ಮನೆಯಲ್ಲಿ ಕಟ್ಟುವಂಥದ್ದು ಮೊದಲು ಆಗಿರಲಿಲ್ಲ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅಂಕೆಗಳ ಆಜ್ಞೆಗೆ ನಡೆದ ಮಿಲ್ಲಿಂಗ್ ಯಂತ್ರಕ್ಕೆ ಕಪಾಟುಗಟ್ಟಲೆ ನಿರ್ವಾತ ಕೊಳವೆಗಳು ಬೇಕಾಗಿದ್ದವು. ಮರುವರ್ಷ ಬೆಂಗಳೂರಿನಲ್ಲಿ ಯಂತ್ರ ಕಟ್ಟುವ ಕಾರ್ಖಾನೆ ಎಚ್‌ಎಂಟಿ ಹುಟ್ಟಿತು. ಇಂದು ಅಂಗೈಯಗಲದ ಆರ್ಡುಯಿನೋ ಬೋರ್ಡು, ಅದರಲ್ಲಿ ಓಡುವ ಉಚಿತ ತಂತ್ರಾಂಶ ಜಿಆರ್‌ಬಿಎಲ್ ಮೂರು ಅಕ್ಷಗಳನ್ನು ನಡೆಸುತ್ತವೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕೊಂಡ ಬೋರ್ಡು ಚೀಲದಲ್ಲಿ ಕರಜಗಿಗೆ ಬರುತ್ತದೆ. ದೊಡ್ಡ ಕಾರ್ಖಾನೆಯ ವಿದ್ಯೆ ಬಡಿಗನ ಪಡಸಾಲೆಯವರೆಗೆ ಬಂದಿರುವುದು ನನಗೆ ಅಪಾರ ಸಂತೋಷದ ಸಂಗತಿ.

ಹೊಸದಾಗಿ ಕಟ್ಟಲು ಹೊರಟ ಹುಡುಗರು ಬಂದು "ಯಾವ ಮೋಟರ್ ತಗೋಬೇಕ್ರಿ?" ಎನ್ನುತ್ತಾರೆ. ನಾನು ಕೇಳುವುದು ಬೇರೆ: ಏನು ಕೆತ್ತುತ್ತೀರಿ, ಯಾವ ಮರದಲ್ಲಿ, ಎಷ್ಟು ಆಳಕ್ಕೆ? ಇದಕ್ಕೆ ಉತ್ತರ ಬಂದರೆ ವೇಗ ಗೊತ್ತಾಗುತ್ತದೆ. ವೇಗ ಗೊತ್ತಾದರೆ ಸ್ಕ್ರೂ, ಸ್ಕ್ರೂ ಗೊತ್ತಾದರೆ ಮೋಟರು. ಕೆಲಸದಿಂದ ಶುರು ಮಾಡಿದವರು ಯಂತ್ರಕ್ಕೆ ಎಷ್ಟು ಬೇಕೋ ಅಷ್ಟನ್ನೇ ಕೊಳ್ಳುತ್ತಾರೆ; ಉಳಿದ ಹಣದಲ್ಲಿ ಒಳ್ಳೆಯ ತೇಗ ತರುತ್ತಾರೆ.