ಒಲೆ ಬೇರೆ, ಬಾವಿ ಒಂದೇ

ಶಿಕಾರಿಪುರದಲ್ಲಿ ನಮ್ಮ ದೊಡ್ಡಪ್ಪನ ಮಗ ಅಕ್ಕಿ ಗಿರಣಿ ನಡೆಸ್ತಾನೆ. ತೂಕದ ಚೀಟಿ, ರೈತರ ಬಾಕಿ, ತೌಡಿನ ಲೆಕ್ಕ ಎಲ್ಲ ನೋಡಿಕೊಳ್ಳೋದು ಪೈಥಾನ್ 2ರಲ್ಲಿ ಬರೆದ ಒಂದು ಪುಟ್ಟ ಪ್ರೋಗ್ರಾಂ. ಬರೆದ ಹುಡುಗ ಯಾವತ್ತೋ ಊರು ಬಿಟ್ಟ. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೇ ಮುಗೀತು. ಗಿರಣಿಯ ಕಂಪ್ಯೂಟರಿನಲ್ಲಿರೋದು ಡೆಬಿಯನ್ 12, ಅದರಲ್ಲಿ ಪೈಥಾನ್ 2 ಇಲ್ಲವೇ ಇಲ್ಲ. ಹೊಸದು ಬರೆಸಬಾರದಾ ಅಂತೀರಿ. ಕೊಯ್ಲಿನ ಹೊತ್ತಲ್ಲಿ ಅಣ್ಣನ ಎದುರು ನಿಂತು ಹೇಳಿ ನೋಡಿ.

ಅದಕ್ಕೇ ಸಿಎಚ್‌ರೂಟ್. 1979ರ ಯೂನಿಕ್ಸ್ ಏಳನೇ ಆವೃತ್ತಿಯಲ್ಲೇ ಇದ್ದದ್ದು. ನಾವು ಆಫೀಸಲ್ಲಿ ದಿನಾ ಜಪಿಸೋ ಡಾಕರ್ ಬಂದಿದ್ದು 2013ರಲ್ಲಿ. ಒಂದು ಫೋಲ್ಡರ್ ತೋರಿಸಿ, ಇದೇ ನಿನ್ನ ಪ್ರಪಂಚ ಅಂತ ಪ್ರೋಗ್ರಾಂಗೆ ನಂಬಿಸೋದು, ಅಷ್ಟೇ. ಆ ಫೋಲ್ಡರಿನಲ್ಲಿ ಡೆಬಿಯನ್ 9 ಇದೆ, ಪೈಥಾನ್ 2 ಇದೆ. ಸೊರಬದ ನಮ್ಮ ಮನೇಲಿ ಅಪ್ಪ, ಚಿಕ್ಕಪ್ಪ ಒಂದೇ ಸೂರಿನಡಿ ಒಲೆ ಬೇರೆ ಮಾಡಿಕೊಂಡಿದ್ದರು, ನೀರು ಮಾತ್ರ ಅದೇ ಬಾವಿಯದ್ದು. ಇಲ್ಲಿ ಬಾವಿ ಅಂದ್ರೆ ಕರ್ನಲ್. ನಡುವಿನ ಬಾಗಿಲಿಗೆ ಬೀಗವೂ ಇಲ್ಲ: ಒಳಗೆ ರೂಟ್ ಅಧಿಕಾರ ಇದ್ದವನು ಮನಸ್ಸು ಮಾಡಿದರೆ ಹೊರಗೆ ಬರಬಲ್ಲ. ಇದನ್ನು ಭದ್ರತೆ ಅಂತ ಮಾರೋರನ್ನು ನಂಬಬೇಡಿ.

ಕಳೆದ ನವೆಂಬರಿನಲ್ಲಿ ಕರೆಂಟು ಹೋಗಿ ಬಂದು ಒಳಗಿನ ಲೈಬ್ರರಿ ಫೈಲುಗಳು ಕೆಟ್ಟವು. ನಾನು ಸೊರಬದಲ್ಲಿದ್ದೆ, ಮೊಬೈಲಿನ ಹಾಟ್‌ಸ್ಪಾಟಿನಿಂದ ಗಿರಣಿಗೆ ಲಾಗಿನ್ ಆದೆ. ಫೋನಲ್ಲಿ ಅಣ್ಣ: "ಹೊರಗೆ ಐದು ಟ್ರ್ಯಾಕ್ಟರ್ ನಿಂತಾವೆ ಮಾರಾಯ. ಅದನ್ನ ಪೂರಾ ಅಳಿಸಿ ಬೇರೆ ಹಾಕು!"

"ತಡಿಯೋ ಅಣ್ಣ, ಎರಡು ನಿಮಿಷ."

ಅಳಿಸೋದು ಒಂದೇ ಸಾಲಿನ ಕೆಲಸ. ಆದರೆ ಗಿರಣಿಯ ಅಸಲಿ ಲೆಕ್ಕದ ಫೋಲ್ಡರನ್ನು ಬೈಂಡ್ ಮೌಂಟ್ ಮಾಡಿ ಒಳಗೂ ಕಾಣೋ ಹಾಗೆ ಇಟ್ಟಿದೆ. ಅದು ಅಂಟಿಕೊಂಡಿರುವಾಗ ಆರ್‌ಎಂ ಓಡಿಸಿದರೆ ಅದು ನಕಲು ಅಸಲು ಅಂತ ನೋಡೋದಿಲ್ಲ, ನಾಲ್ಕು ವರ್ಷದ ಬಾಕಿ ಪಟ್ಟಿ ಗುಡಿಸಿಹಾಕತ್ತೆ. 'ಒಂದೇ ಫೈಲ್ ಸಿಸ್ಟಮ್' ಅನ್ನೋ ರಕ್ಷಣೆಯ ಆಯ್ಕೆಯೂ ಇಲ್ಲಿ ಉಪಯೋಗಕ್ಕಿಲ್ಲ, ಎರಡೂ ಇರೋದು ಅದೇ ಪಾರ್ಟಿಶನ್ನಿನಲ್ಲಿ. ಫೈಂಡ್‌ಮೌಂಟ್ ಹಾಕಿ ನೋಡಿದೆ. ಲೆಕ್ಕ, ಪ್ರೊಕ್, ದೇವ್, ಮೂರೂ ಅಂಟಿಕೊಂಡೇ ಇದ್ದವು. ಒಂದೊಂದಾಗಿ ಬಿಡಿಸಿ, ಇನ್ನೊಮ್ಮೆ ನೋಡಿ, ಆಮೇಲೆ ಅಳಿಸಿದೆ.

ಹೊಸದಾಗಿ ಕಟ್ಟೋಕೆ ಡೆಬೂಟ್‌ಸ್ಟ್ರ್ಯಾಪ್. ಡೆಬಿಯನ್ 9 ಮಾಮೂಲಿ ಸರ್ವರಿನಲ್ಲಿ ಈಗ ಸಿಗಲ್ಲ, ಹಳೇ ಆವೃತ್ತಿಗಳ ಆರ್ಕೈವ್‌ನಿಂದ ತರಬೇಕು. ನೆಟ್‌ವರ್ಕು ಎರಡು ಸಲ ಕೈಕೊಟ್ಟಿತು. ಅಷ್ಟು ಹೊತ್ತು ಅಣ್ಣ ಚೀಟಿಗಳನ್ನು ಕೈಯಲ್ಲೇ ಬರೆದ, ನಡುನಡುವೆ ನನಗೆ ಬೈದ.

ಪ್ರಿಂಟರು ಮತ್ತೆ ಸದ್ದು ಮಾಡಿದ ಮೇಲೆ ಇಡೀ ಫೋಲ್ಡರನ್ನು ಟಾರ್ ಮಾಡಿ ಗಿರಣಿಯ ಪೆನ್‌ಡ್ರೈವಿಗೆ ಹಾಕಿಸಿದೆ. ಮುಂದಿನ ಸಲ ನೆಟ್ಟೂ ಬೇಡ, ನಾನೂ ಬೇಡ. ಕ್ರಮವನ್ನೆಲ್ಲ ಅಣ್ಣನ ಮಗಳ ಕೈಲಿ ಕನ್ನಡದಲ್ಲೇ ಬರೆಸಿದೆ, ಅವಳೀಗ ಪಿಯುಸಿ. "ಮೊದಲು ಬಿಡಿಸು, ಆಮೇಲೆ ಅಳಿಸು" ಅನ್ನೋ ಸಾಲಿಗೆ ಅವಳೇ ಕೆಂಪು ಪೆನ್ನಲ್ಲಿ ಎರಡು ಗೆರೆ ಎಳೆದಿದ್ದಾಳೆ.