ಕೆಂಪು ವಸ್ತ್ರದ ಅಸ್ಥಿಪಂಜರ

ವಿಡಿಯೊ ಆಟವೆಂದರೆ ಬೆರಳಿನ ಚುರುಕಿಗೆ ಸಂಬಂಧಿಸಿದ್ದು, ಬುದ್ಧಿಗೆ ಅಲ್ಲಿ ಕೆಲಸವಿಲ್ಲ ಎಂದು ಬಗೆಯುವ ತಂದೆತಾಯಿಗಳು ಬಹುಮಂದಿ. ಅಂಥವರು ಜಪಾನಿನ 'ಶಿನ್ ಮೆಗಾಮಿ ಟೆನ್ಸೇ' ಮಾಲೆಯ ಮೂರನೆಯ ಆಟವಾದ 'ನಾಕ್ಟರ್ನ್' ಎಂಬುದನ್ನು ಒಂದು ವಾರ ಆಡಿ ನೋಡಬೇಕು. ಅಟ್ಲಸ್ ಸಂಸ್ಥೆಯು 2003ರಲ್ಲಿ ಅದನ್ನು ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ ಹೊರತಂದಿತು. ಅದರ ಹೊಸ ರೂಪವು 2020ರಲ್ಲಿ ಜಪಾನಿನಲ್ಲಿಯೂ 2021ರಲ್ಲಿ ಇತರ ದೇಶಗಳಲ್ಲಿಯೂ ಬಂದಿತು. ಶಿಂಜುಕುವಿನ ಆಸ್ಪತ್ರೆಗೆ ತನ್ನ ಶಿಕ್ಷಕಿಯನ್ನು ಕಾಣಲು ಹೋದ ಬಾಲಕನೊಬ್ಬನ ಕಣ್ಣೆದುರಿಗೇ ಪ್ರಪಂಚವು ಮುಗಿದುಹೋಗುತ್ತದೆ. ಟೋಕಿಯೋ ನಗರವು ಒಂದು ಗೋಳದ ಒಳಮೈಗೆ ಅಂಟಿಕೊಂಡ ಪಾಳುಭೂಮಿಯಾಗುತ್ತದೆ. ಬಾಲಕನು ಅರ್ಧ ಮನುಷ್ಯ, ಅರ್ಧ ಭೂತನಾಗಿ ಎಚ್ಚರಗೊಳ್ಳುತ್ತಾನೆ. ಮುಂದಿನ ದಾರಿ ಆಡುವವರದು.

ಬೆಂಗಳೂರಿನ ಒಂದು ಮನೆಯ ಯಜಮಾನರ ಪಾಲಿಗೆ ಈ ದಾರಿ ಬಂದುದು ಶಿಕ್ಷೆಯ ರೂಪದಲ್ಲಿ. ಆದರೆ ಶಿಕ್ಷೆ ವಿಧಿಸಿದವರು ಅವರೇ. ಪದವಿಪೂರ್ವ ತರಗತಿಯ ಮಗಳು ಭೌತಶಾಸ್ತ್ರದಲ್ಲಿ ತೇರ್ಗಡೆಯಾಗದೆ ಬಂದ ದಿನ ಅವಳ ಆಟದ ಯಂತ್ರವು ತಂದೆಯ ಕೋಣೆಗೆ ವರ್ಗವಾಯಿತು. "ದಿನಕ್ಕೆ ಇನ್ನೆರಡು ಗಂಟೆ ಹೆಚ್ಚು ಓದು, ತಾನಾಗಿ ಬರುತ್ತದೆ" ಎಂಬುದು ಅವರ ತೀರ್ಪು. ಮಗಳು ಏನೂ ಹೇಳಲಿಲ್ಲ. ಅವಳು ಆ ತಿಂಗಳಲ್ಲಿ ಯಾವುದಕ್ಕೂ ಏನೂ ಹೇಳುತ್ತಿರಲಿಲ್ಲ. ತಾಯಿಗೆ ಅದೇ ದೊಡ್ಡ ಚಿಂತೆಯಾಗಿತ್ತು. ಮಗಳ ಹೊತ್ತನ್ನು ನುಂಗಿದ ವಸ್ತುವಾದರೂ ಎಂಥದು ನೋಡೋಣವೆಂದು ಯಜಮಾನರು ಒಂದು ರಾತ್ರಿ ಯಂತ್ರವನ್ನು ಹಚ್ಚಿದರು.

ಮೊದಲು ಅವರನ್ನು ಹಿಡಿದು ನಿಲ್ಲಿಸಿದುದು ಅಲ್ಲಿಯ ಜನಸಂಖ್ಯೆ. ದೇವರು, ದೆವ್ವ, ಯಕ್ಷಿಣಿ ಎಲ್ಲರಿಗೂ ಅಲ್ಲಿ 'ಅಕುಮ' ಎಂಬ ಒಂದೇ ಹೆಸರು. ಎದುರಾದ ಭೂತದೊಡನೆ ಹೊಡೆದಾಡಲೂಬಹುದು, ಮಾತನಾಡಿ ಬಳಗಕ್ಕೆ ಸೇರಿಸಿಕೊಳ್ಳಲೂಬಹುದು. ಕೆಲವು ಹಣ ಕೇಳಿ ಪಡೆದು, ಬರುತ್ತೇನೆಂದು ಆಸೆ ತೋರಿಸಿ, ಮಾಯವಾಗಿಬಿಡುತ್ತವೆ. ಬ್ಯಾಂಕಿನ ಸಾಲವಿಭಾಗದಲ್ಲಿ ದುಡಿದವರಿಗೆ ಇದು ಹೊಸತೇನಲ್ಲ. ಎರಡು ಭೂತಗಳನ್ನು ಬೆಸೆದು ಮೂರನೆಯದನ್ನು ಪಡೆಯುವ ಕ್ರಮವೂ ಉಂಟು. ಆ ಪಟ್ಟಿಯಲ್ಲಿ ಸರಸ್ವತಿ, ಲಕ್ಷ್ಮಿ, ಗಣೇಶರ ಹೆಸರನ್ನು ಕಂಡು ಯಜಮಾನರು ಕೈ ತಡೆದರು. ಬೌದ್ಧಧರ್ಮದ ಜೊತೆಯಲ್ಲಿ ಜಪಾನಿಗೆ ಹೋದ ಸರಸ್ವತಿಯು ಅಲ್ಲಿ ಬೆಂಜೈತೆನ್ ಎಂಬ ಹೆಸರಿನಿಂದ, ಬಿವ ಎಂಬ ತಂತಿವಾದ್ಯವನ್ನು ಹಿಡಿದು ಪೂಜೆಗೊಳ್ಳುತ್ತಾಳೆ. ಆಟದವರು ಅವಳನ್ನು ಪರದೇಶದವಳೆಂದು ಕರೆತಂದಿರಲಾರರು.

ಕಾಳಗದ ವಿಧಾನವು ಮಾತ್ರ ಲೆಕ್ಕಿಗನ ಮೇಜಿನಿಂದಲೇ ಎದ್ದು ಬಂದಂತಿದೆ. ಒಂದು ಸರದಿಗೆ ನಾಲ್ವರಿಗೆ ನಾಲ್ಕು ಚಿಹ್ನೆಗಳು. ಒಂದು ಕೆಲಸಕ್ಕೆ ಒಂದು ಚಿಹ್ನೆ ಖರ್ಚು. ಎದುರಾಳಿಯ ದೌರ್ಬಲ್ಯವನ್ನು ಅರಿತು ಹೊಡೆದರೆ ಅರ್ಧ ಮಾತ್ರ ಖರ್ಚಾಗುವುದರಿಂದ ನಾಲ್ಕು ಚಿಹ್ನೆಗಳಲ್ಲಿ ಎಂಟು ಕೆಲಸಗಳಾಗಬಹುದು. ಏಟು ತಪ್ಪಿದರೆ ಎರಡು ಚಿಹ್ನೆ ನಷ್ಟ. ಏಟನ್ನು ಹಿಂದಕ್ಕೆ ತಿರುಗಿಸುವವನಿಗೆ ಹೊಡೆದರೆ ಸರದಿಯೇ ಮುಗಿಯಿತು. ಈ ನಿಯಮವು ಎದುರಾಳಿಗೂ ಉಂಟು. ಕಂಬನಿ ತರಿಸುವುದು ಅದೇ. ಸಾಲದುದಕ್ಕೆ, ಉಳಿದ ಮೂವರೂ ಗಟ್ಟಿಯಾಗಿ ನಿಂತಿದ್ದರೂ ನಾಯಕನೊಬ್ಬನು ಬಿದ್ದರೆ ಆಟ ಮುಗಿಯುತ್ತದೆ. ಕೊನೆಯ ಸಲ ಲೆಕ್ಕ ಬರೆದಿಟ್ಟ ಸ್ಥಳದಿಂದ ಪುನಃ ಹೊರಡಬೇಕು.

ಹೀಗೆ ಹೊರಟವರನ್ನು ಕೆಲವು ಗಂಟೆಗಳ ಆಟದ ಬಳಿಕ ಮ್ಯಾಟಡೋರ್ ತಡೆಯುತ್ತಾನೆ. ಸ್ಪೇನಿನ ಗೂಳಿಕಾಳಗದ ವೀರನ ಉಡುಪು ತೊಟ್ಟ ಅಸ್ಥಿಪಂಜರ ಅದು. ಅವನು ಕೆಂಪು ವಸ್ತ್ರವನ್ನು ಒಮ್ಮೆ ಬೀಸಿದನೆಂದರೆ ಅವನ ಮೈಚಳಕವು ತುತ್ತತುದಿಗೇರುತ್ತದೆ. ಹೊಡೆದ ಏಟೆಲ್ಲ ಗಾಳಿಗೆ. ತಪ್ಪಿದ ಒಂದೊಂದು ಏಟಿಗೂ ಎರಡೆರಡು ಚಿಹ್ನೆ. ಆಮೇಲೆ ಅವನು ಬಿರುಗಾಳಿ ಎಬ್ಬಿಸುತ್ತಾನೆ. ಬಳಗದಲ್ಲಿ ಗಾಳಿಗೆ ಅಂಜುವ ಒಂದು ಭೂತವಿದ್ದರೂ ಸಾಕು, ಅವನಿಗೆ ಮತ್ತೆ ಮತ್ತೆ ಸರದಿ ಸಿಗುತ್ತದೆ.

ಯಜಮಾನರು ಒಂಬತ್ತು ರಾತ್ರಿ ಸೋತರು. ಸೋತಾಗಲೆಲ್ಲ ಹಿಂದಿರುಗಿ, ಸಣ್ಣಪುಟ್ಟ ಭೂತಗಳನ್ನು ಬಡಿದು ಬಲ ಹೆಚ್ಚಿಸಿಕೊಂಡು, ಅದೇ ಬಳಗದೊಡನೆ ಬಂದರು. ಆಟದ ಮೊದಲಲ್ಲಿ ಜೊತೆಗೂಡಿದ ಪುಟ್ಟ ಯಕ್ಷಿಣಿ ಪಿಕ್ಸಿಯನ್ನು ಬಿಡಲು ಅವರಿಗೆ ಮನಸ್ಸಿರಲಿಲ್ಲ. ಮಟ್ಟವನ್ನು ಸುಲಭಗೊಳಿಸುವ ಅನುಕೂಲವೂ ಹೊಸ ರೂಪದಲ್ಲಿದೆ. ಅದನ್ನು ಮುಟ್ಟಲು ಅಭಿಮಾನ ಬಿಡಲಿಲ್ಲ.

ಹತ್ತನೆಯ ರಾತ್ರಿ ನೀರು ಕುಡಿಯಲು ಎದ್ದ ಮಗಳು ಬಾಗಿಲಲ್ಲಿ ನಿಂತಳು.

"ಅಪ್ಪ, ನೀವು ಅದೇ ನಾಲ್ಕು ಜನರನ್ನು ಕರೆದುಕೊಂಡು ಹೋಗುತ್ತಿದ್ದೀರಿ."

"ಬಲ ಹೆಚ್ಚಾಗಿದೆಯಲ್ಲಮ್ಮ. ನಿನ್ನೆಗಿಂತ ಎರಡು ಗಂಟೆ ಹೆಚ್ಚು ಆಡಿದ್ದೇನೆ."

"ಇನ್ನೆರಡು ಗಂಟೆ ಆಡಿದರೆ ತಾನಾಗಿ ಬರುತ್ತದೆಯೇ?"

ಮಾತಿನಲ್ಲಿ ವ್ಯಂಗ್ಯವಿತ್ತೋ ಇಲ್ಲವೋ, ತಂದೆಗೆ ತಿಳಿಯಲಿಲ್ಲ. ಮಗಳು ಪಕ್ಕಕ್ಕೆ ಬಂದು ಕುಳಿತಳು. ಗಾಳಿಯು ತಾಕದ ಉಝುಮೆಯನ್ನು ಬೆಸೆದು ಪಡೆಯಿರಿ ಎಂದಳು. ಗುಹೆಯಲ್ಲಿ ಅಡಗಿದ ಸೂರ್ಯದೇವಿಯನ್ನು ನರ್ತನದಿಂದ ಹೊರತಂದಳೆಂದು ಜಪಾನೀ ಪುರಾಣ ಹೇಳುವ ದೇವತೆಯೇ ಇವಳು. ನಾಯಕನಿಗೆ ಗಾಳಿಯನ್ನು ತಡೆಯುವ 'ಹಿಫುಮಿ' ಎಂಬ ಮಾಗತಾಮವನ್ನು ತೊಡಿಸಿದಳು. ಹೊಡೆಯುವ ಮೊದಲು 'ಸುಕುಕಾಜ' ಮಂತ್ರವನ್ನು ನಾಲ್ಕು ಸಲ ಪ್ರಯೋಗಿಸಿ ಬಳಗದ ಚಳಕವನ್ನು ಅವನ ಸಮಕ್ಕೆ ಏರಿಸಬೇಕು. ಅಲ್ಲಿಯವರೆಗೆ ಕತ್ತಿ ಎತ್ತಬಾರದು. ಯಜಮಾನರು ಕಾಗದದ ಮೇಲೆ ಎರಡು ಕಲಮುಗಳನ್ನು ಹಾಕಿ ಇದನ್ನೆಲ್ಲ ಬರೆದುಕೊಂಡರು.

ರಾತ್ರಿ ಹನ್ನೆರಡೂವರೆಗೆ ಮ್ಯಾಟಡೋರ್ ಬಿದ್ದನು. ಇಬ್ಬರೂ ಕೂಗಿದ ಕೂಗಿಗೆ ತಾಯಿಯು ಗಾಬರಿಯಿಂದ ಎದ್ದು ಬಂದರು.

"ಇವನ ಮುಂದೆ ದೈಸೋಜೋ ಎಂಬ ಒಣಗಿದ ಸನ್ಯಾಸಿ ಬರುತ್ತಾನೆ. ಅವನಿಗೆ ಈ ಉಪಾಯ ನಡೆಯುವುದಿಲ್ಲ" ಎಂದಳು ಮಗಳು. ತಿಂಗಳಲ್ಲಿ ಅವಳು ಆಡಿದ ಅತ್ಯಂತ ಉದ್ದದ ಮಾತುಗಳು ಆ ರಾತ್ರಿಯವು.

ಯಜಮಾನರು ಕಾಗದವನ್ನು ಮಗುಚಿ ಹಿಂಬದಿಯನ್ನು ಮೇಲೆ ಮಾಡಿದರು. "ಭೌತಶಾಸ್ತ್ರದಲ್ಲಿ ನಿನ್ನನ್ನು ತಡೆಯುವವನು ಯಾರು?" ಎಂದು ಕೇಳಿದರು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೀಸದಕಡ್ಡಿಯನ್ನು ತೆಗೆದುಕೊಂಡು ಒಂದು ರಾಟೆ, ಎರಡು ತೂಕಗಳನ್ನು ಬರೆದಳು. ಸೂತ್ರಗಳೆಲ್ಲ ಬಾಯಿಗೆ ಬರುತ್ತವೆ, ಹಗ್ಗದ ಎಳೆತವು ಯಾವ ಕಡೆಗೆ ಎಂಬುದೇ ಕಣ್ಣಿಗೆ ಕಾಣುವುದಿಲ್ಲ ಎಂದಳು. ತಾಯಿಯು ಮೂವರಿಗೂ ಹಾಲು ಬಿಸಿ ಮಾಡಲು ಒಳಗೆ ಹೋದರು. ಮರುಪರೀಕ್ಷೆಗೆ ಆಗ ಇನ್ನೂ ಹನ್ನೊಂದು ದಿನಗಳಿದ್ದವು.