ಸರ್ವೆ ನಂಬರಿಗೆ ಸಿಗದ ಊರು

‘ನಿಮ್ಮೂರು ಯಾವುದು?’ ಎಂದು ಕೇಳಿದವರಿಗೆ ನಾಗಲಗಿದ್ದ ಎಂದು ಹೇಳಿಬಿಡಬಹುದು. ‘ಅದು ಎಲ್ಲಿದೆ?’ ಎಂಬ ಪ್ರಶ್ನೆಗೆ ಮಾತ್ರ ನಮ್ಮ ಮನೆಯಲ್ಲಿ ತಲೆಮಾರಿಗೊಂದು ಉತ್ತರ. ಮುತ್ತ್ಯಾನ ಕಾಲದಲ್ಲಿ ನಾರಾಯಣಖೇಡ ತಾಲ್ಲೂಕು ನಿಜಾಮರ ಸಂಸ್ಥಾನದ ಬೀದರ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ, ಭಾಲ್ಕಿ, ಹುಮನಾಬಾದ ಸೀಮೆ ಮೈಸೂರು ರಾಜ್ಯಕ್ಕೆ, ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ಹಾಗೂ ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೆ ಸಂದವು. ಕಲಬುರಗಿ ಜಿಲ್ಲೆಯ ತಾಂಡೂರಿಗೂ ಅದೇ ಗತಿಯಾಯಿತು. ಅಪ್ಪನ ಹರೆಯ ಹೀಗೆ ಮೇದಕ ಜಿಲ್ಲೆಯಲ್ಲಿ ಕಳೆಯಿತು. 2014ರಲ್ಲಿ ತೆಲಂಗಾಣ ರಾಜ್ಯ ಉದಯಿಸಿತು. 2016ರ ಅಕ್ಟೋಬರಿನಲ್ಲಿ ಸಂಗಾರೆಡ್ಡಿ ಜಿಲ್ಲೆಯಾಗಿ, ನಾಗಲಗಿದ್ದವೇ ಒಂದು ಮಂಡಲ ಕೇಂದ್ರವಾಯಿತು. ಇಷ್ಟೆಲ್ಲ ನಡೆದಾಗಲೂ ಊರು ಇದ್ದಲ್ಲೇ ಇತ್ತು.

ಊರೆಂದರೆ ನಕ್ಷೆಯ ಮೇಲಿನ ಚುಕ್ಕೆಯಲ್ಲ ಎಂಬುದನ್ನು ಮಾನವ ಭೂಗೋಳಶಾಸ್ತ್ರ ಬಹುಕಾಲದಿಂದ ವಿಚಾರಿಸುತ್ತ ಬಂದಿದೆ. ಚೀನಾದಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಯಿ-ಫು ತುವಾನ್ 1974ರಲ್ಲಿ ‘ಟೋಪೋಫೀಲಿಯಾ’ ಎಂಬ ಗ್ರಂಥವನ್ನು ಪ್ರಕಟಿಸಿ, ನೆಲದೊಡನೆ ಮನುಷ್ಯನಿಗಿರುವ ಅಕ್ಕರೆಯನ್ನು ಅಧ್ಯಯನದ ವಿಷಯವಾಗಿಸಿದರು. ಬರಿಯ ಅವಕಾಶವಾಗಿದ್ದುದು ಬಳಕೆಯಿಂದ, ಅನುಭವದಿಂದ ‘ಸ್ಥಳ’ವಾಗುತ್ತದೆ ಎಂಬುದು ಅವರ ವಿಚಾರದ ತಿರುಳು. ಕೆನಡಾದ ಎಡ್ವರ್ಡ್ ರೆಲ್ಫ್ 1976ರ ತಮ್ಮ ಕೃತಿಯಲ್ಲಿ, ಒಂದೇ ಸ್ಥಳವನ್ನು ಒಳಗಿನವನು ಕಾಣುವ ಬಗೆಗೂ ಹೊರಗಿನವನು ಕಾಣುವ ಬಗೆಗೂ ಇರುವ ಅಂತರವನ್ನು ವಿವರಿಸಿದರು. ಈ ಮಾತುಗಳ ಅರ್ಥ ನನಗೆ ಸ್ಪಷ್ಟವಾದದ್ದು ನಮ್ಮ ಮನೆಯ ಪಾಲು ಹಂಚಿಕೆಯ ದಿನ.

ಅಂದು ಪಡಸಾಲೆಯಲ್ಲಿ ಹಾಸಿದ ಕಂಬಳಿಯ ಮೇಲೆ ಕಾಗದಪತ್ರಗಳನ್ನೆಲ್ಲ ಹರಡಿದ್ದರು. ಮುತ್ತ್ಯಾನ ಕಾಲದ ಕಾಗದಗಳು ಉರ್ದುವಿನಲ್ಲಿದ್ದವು. ಅಪ್ಪನ ಪಟ್ಟಾದಾರ ಪಾಸ್‌ಬುಕ್ಕು ತೆಲುಗಿನಲ್ಲಿತ್ತು. ಎರಡರಲ್ಲೂ ಇದ್ದುದು ಸರ್ವೆ ನಂಬರು, ಎಕರೆ, ಗುಂಟೆ. ಆದರೆ ಮಾತು ಆರಂಭವಾದೊಡನೆ ನಂಬರುಗಳು ಹಿಂದೆ ಸರಿದವು. ಹಳ್ಳದ ಹೊಲ ಯಾರಿಗೆ, ಮಡ್ಡಿ ಯಾರಿಗೆ, ಕಣದ ಹೊಲಕ್ಕೆ ಬಂಡಿದಾರಿ ಎಲ್ಲಿಂದ ಎಂದು ಚರ್ಚೆಯೆಲ್ಲ ಕನ್ನಡದ ಹೆಸರುಗಳಲ್ಲೇ ಸಾಗಿತು. ಆ ಹೆಸರುಗಳು ಯಾವ ಕಚೇರಿಯ ದಫ್ತರದಲ್ಲೂ ಇಲ್ಲ. ಹಳ್ಳದ ಹೊಲವೆಂದರೆ ತೇವ ನಿಲ್ಲುವ ಎರೆಮಣ್ಣು, ಹಿಂಗಾರಿನ ಜೋಳ ಎಂದರ್ಥ. ಮಡ್ಡಿಯೆಂದರೆ ಗರಸು ನೆಲ, ಮಳೆ ಕೈಕೊಟ್ಟರೆ ಬಿತ್ತಿದ್ದೂ ಹೋಯಿತೆಂದರ್ಥ. ಹೈದರಾಬಾದಿನಲ್ಲಿ ಓದುತ್ತಿರುವ ಅಣ್ಣನ ಮಗ ಮೊಬೈಲಿನ ನಕ್ಷೆಯಲ್ಲಿ ನಂಬರು ತೋರಿಸಬಲ್ಲವನಾಗಿದ್ದ. ಮಡ್ಡಿ ಯಾವುದೆಂದು ಮಾತ್ರ ಅಜ್ಜನನ್ನೇ ಕೇಳಬೇಕಾಯಿತು.

ಕೊನೆಗೆ ಹುಣಸಿ ಹೊಲವನ್ನು ಮಾರುವುದೆಂದು ತೀರ್ಮಾನವಾಯಿತು. ಎಳ್ಳಮಾವಾಸ್ಯೆಗೆ ನಾವೆಲ್ಲ ಸೇರುತ್ತಿದ್ದುದು ಅಲ್ಲಿಯೇ. ಜೋಳದ ದಂಟಿನ ಕೊಪ್ಪೆ ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಭಜ್ಜಿ, ರೊಟ್ಟಿ, ಅಂಬಲಿ ಉಣ್ಣುತ್ತಿದ್ದೆವು. ಹೊಲಕ್ಕೆ ಹೆಸರು ತಂದ ಹುಣಸೆಮರವನ್ನು ನಾನು ಕಂಡವನಲ್ಲ. ಅದು ಮುತ್ತ್ಯಾನ ಕಾಲಕ್ಕೇ ಬಿದ್ದುಹೋಗಿತ್ತಂತೆ. ಅಪ್ಪ ಮಾರಾಟಕ್ಕೆ ಅಡ್ಡ ಬರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, ‘ಕೊಂಡವ್ರಿಗಿ ಹೊಲದ ಹೆಸ್ರು ಹೇಳಿ ಕೊಡ್ರಿ’ ಎಂದಷ್ಟೇ ಹೇಳಿದರು.

ಕೊಂಡವರು ತೆಲುಗು ಮನೆಮಾತಿನವರು. ನೋಂದಣಿ ಮುಗಿದ ಮೇಲೆ ಅಣ್ಣ ಅವರನ್ನು ಹೊಲಕ್ಕೆ ಕರೆದೊಯ್ದು, ಬದುಗಳನ್ನು ತೋರಿಸಿ, ಹೆಸರನ್ನೂ ಹೇಳಿದ. ಈಗ ಅವರ ಆಳುಮಕ್ಕಳು ಅದನ್ನು ‘ಹುಣಸಿ ಚೇನು’ ಎನ್ನುತ್ತಾರೆ. ತೆಲುಗಿನಲ್ಲಿ ಹುಣಸೆಗೆ ಚಿಂತ ಎನ್ನುತ್ತಾರೆ. ಹುಣಸಿ ಎಂದರೇನೆಂದು ಅವರಲ್ಲಿ ಕೆಲವರಿಗೆ ತಿಳಿಯದು. ಆದರೂ ಹೆಸರು ಉಳಿದಿದೆ. ಅದನ್ನು ಕೇಳಿದಾಗ ನನಗೆ ಆದದ್ದು ಸಂತೋಷವೋ ಸಂಕಟವೋ ಬಿಡಿಸಿ ಹೇಳಲಾರೆ. ಹೊಲ ನಮ್ಮದಲ್ಲ, ಮಾತೂ ಪೂರ್ತಿ ನಮ್ಮದಲ್ಲ. ಆದರೆ ಅಪ್ಪ ಕರೆಯುತ್ತಿದ್ದ ಜಾಗಕ್ಕೆ ಇಂದಿಗೂ ಜನ ಅದೇ ಹೆಸರು ಹಿಡಿದು ಹೋಗುತ್ತಾರೆ.

ಗಡಿನಾಡಿನ ಕನ್ನಡಿಗರ ನೆಲದ ನಂಟನ್ನು ರಾಜ್ಯದ ಗೆರೆಯಿಂದ ಅಳೆಯುವವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮವರು ಸಂತೆಗೂ ಆಸ್ಪತ್ರೆಗೂ ಬೀದರಕ್ಕೆ ಹೋಗುತ್ತಾರೆ. ಔರಾದ, ಭಾಲ್ಕಿಗಳೊಡನೆ ಬೀಗತನ ಬೆಳೆಸುತ್ತಾರೆ. ಝರಾಸಂಗಮದ ಕೇತಕಿ ಸಂಗಮೇಶ್ವರನ ಸನ್ನಿಧಿಗೆ ಆಚೆಯ ಕನ್ನಡಿಗರು ಈಚೆಗೆ ಬರುತ್ತಾರೆ. ಮಂಜೀರಾ ನದಿ ಮಹಾರಾಷ್ಟ್ರದಲ್ಲಿ ಹುಟ್ಟಿ, ಬೀದರ ಸೀಮೆಯನ್ನು ಹಾಯ್ದು, ನಮ್ಮ ಕಡೆಗೆ ಹರಿದುಬರುತ್ತದೆ. ಗೆರೆ ದಾಟುವ ಈ ನಡೆದಾಟವೇ ನಮಗೆ ಊರಿನ ಅರ್ಥವನ್ನು ಕೊಟ್ಟಿದೆ.

ಆದರೆ ನಡೆದಾಟ ನಿಂತರೆ ಹೆಸರೂ ನಿಲ್ಲುತ್ತದೆ. ಮಕ್ಕಳು ನಗರ ಸೇರಿದ್ದಾರೆ. ಮನೆಯಲ್ಲಿ ಕನ್ನಡವಾಡಿದರೂ ಓದುಬರಹ ತೆಲುಗು, ಇಂಗ್ಲಿಷಿನಲ್ಲಿ. ನ್ಯಾಲಕಲ್, ಝರಾಸಂಗಮ ಮಂಡಲಗಳಲ್ಲಿ ಕೈಗಾರಿಕಾ ವಲಯಕ್ಕಾಗಿ ಹೊಲಗಳನ್ನು ಸ್ವಾಧೀನಪಡಿಸಿಕೊಳ್ಳಲಾಗಿದೆ. ಪರಿಹಾರವನ್ನು ಎಕರೆಗೆ ಲೆಕ್ಕ ಹಾಕಬಹುದು. ಹೊಲದ ಹೆಸರಿಗೆ ಲೆಕ್ಕವಿಲ್ಲ.

ಆದ್ದರಿಂದ ಈ ಸಮ್ಮೇಳನಕ್ಕೆ ಬಂದ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಊರಿಗೆ ಮರಳಿದ ಮೇಲೆ ಮನೆಯ ಹಿರಿಯರ ಬಳಿ ಕುಳಿತು ಹೊಲ, ಹಳ್ಳ, ಬಾವಿ, ಕಾಲುದಾರಿಗಳ ಹೆಸರುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡೋಣ. ಪ್ರತಿ ಹೆಸರಿನ ಮುಂದೆ ಅದು ಹೇಗೆ ಬಂತೆಂಬುದನ್ನೂ ಬರೆಯೋಣ. ಅಪ್ಪನಿಂದ ಕೇಳಿ ನಾನು ಈವರೆಗೆ ಇಪ್ಪತ್ತಮೂರು ಹೆಸರುಗಳನ್ನು ಬರೆದಿದ್ದೇನೆ. ಮೊದಲನೆಯದು ಹುಣಸಿ ಹೊಲ.